ಬೆಳೆಗಾರರ ಗುಂಪಿನ ಚರ್ಚೆ ವರ್ಷದಿಂದ ವರ್ಷಕ್ಕೆ ಹೇಗೆ ಬದಲಾಯಿತು: ಬರ್ಟಾಪಿಕ್ ಗ್ರಾಫ್ ನಂಬಬಹುದಾ?

ಗೋಣಿಕೊಪ್ಪ_ಗ್ರಾಫ್
ದಕ್ಷಿಣ ಕೊಡಗಿನ ಕಾಫಿ ಬೆಳೆಗಾರರ ವಾಟ್ಸಾಪ್ ಗುಂಪಿನ 2018–2023ರ ಸುಮಾರು 40,000 ಸಂದೇಶಗಳಿವೆ. ಸದಸ್ಯರ ಒಪ್ಪಿಗೆ ಇದೆ, ಹೆಸರು-ನಂಬರ್ ತೆಗೆದಾಗಿದೆ. ದರ, ಆನೆ ಹಾವಳಿ, ಮಳೆ: ಯಾವ ಮಾತು ಯಾವಾಗ ಏರಿತು ಅಂತ ನೋಡಬೇಕು. ಬರ್ಟಾಪಿಕ್‌ಗೆ (ಸಂದೇಶಗಳಿಂದ ವಿಷಯಗಳನ್ನು ಹೆಕ್ಕುವ ಪೈಥಾನ್ ಸಾಧನ) ಭಾಷೆ 'ಮಲ್ಟಿಲಿಂಗ್ವಲ್' ಎಂದು ಕೊಟ್ಟರೆ ಪದಪಟ್ಟಿಯಲ್ಲಿ 'ಮಳ' ಬರುತ್ತದೆ, 'ಕಾಫಿ' ಪತ್ತೆಯೇ ಇಲ್ಲ! ಮೇಲಾಗಿ 2020ರ ನಂತರ ಎಲ್ಲ ವಿಷಯವೂ ಏರುತ್ತಲೇ ಇದೆ.

ಹಾರಂಗಿ_ಬಲದಂಡೆ
ಕಾಫಿ ನುಂಗಿದ್ದು ಅದರೊಳಗೆ ಪದ ಒಡೆದು ಎಣಿಸುವ ಕೌಂಟ್‌ವೆಕ್ಟರೈಸರ್. ಅದರ ಡಿಫಾಲ್ಟ್ ಟೋಕನ್ ಪ್ಯಾಟರ್ನ್‌ಗೆ ನಮ್ಮ ಕಾಗುಣಿತದ ಚಿಹ್ನೆ, ಅರ್ಧಾಕ್ಷರದ ವಿರಾಮ ಯಾವುದೂ ಅಕ್ಷರವಲ್ಲ, ಅಲ್ಲೇ ಪದ ಕತ್ತರಿಸುತ್ತದೆ. 'ಕಾಫಿ' ಹೋಗಿ 'ಕ', 'ಫ' ಆಗುತ್ತದೆ. ಎರಡಕ್ಷರಕ್ಕಿಂತ ಚಿಕ್ಕ ತುಂಡನ್ನು ಬಿಸಾಕುತ್ತದೆ. 'ಬೆಲೆ'ಗೂ ಅದೇ ಗತಿ. 'ಮಳೆ'ಯಲ್ಲಿ ಮ, ಳ ಒಟ್ಟಿಗಿರುವುದರಿಂದ 'ಮಳ' ಬದುಕಿತು. ಪಟ್ಟಿಯಲ್ಲಿ 'ಆನ' ಅಂತಲೂ ಇರಬೇಕು, ನೋಡಿ.

ಪ್ಯಾಟರ್ನನ್ನು ಕನ್ನಡದ ಯುನಿಕೋಡ್ ಶ್ರೇಣಿಗೆ (ದಶಮಾನದಲ್ಲಿ 3200ರಿಂದ 3327) ಬದಲಿಸಿ, ಇಂಗ್ಲಿಷ್ ಅಕ್ಷರಗಳನ್ನೂ ಸೇರಿಸಿ. ಅದಕ್ಕೂ ಮೊದಲು ಕಣ್ಣಿಗೆ ಕಾಣದ ಜೋಡಕಗಳನ್ನು (8204, 8205) ಅಳಿಸಿ, ಇಲ್ಲದಿದ್ದರೆ 'ವಾಟ್ಸ್‌ಆಪ್' ಥರದ ಪದ ಮತ್ತೆ ಒಡೆಯುತ್ತದೆ. 'ಆನೆಗೆ', 'ಆನೆಗಳು', 'ಆನೆಯನ್ನು' ಬೇರೆ ಬೇರೆ ಪದಗಳಾಗಿಯೇ ಉಳಿಯುತ್ತವೆ. ಪ್ರತ್ಯಯ ಕತ್ತರಿಸುವ ಚಿಕ್ಕ ಪಟ್ಟಿ ಸಾಕು.

ಕಾಳುಮೆಣಸು_ಬಳ್ಳಿ
ಇದರಿಂದ ಪದಪಟ್ಟಿ ಸರಿಹೋದೀತು, ಸಂದೇಶಗಳನ್ನು ವಿಷಯವಾರು ಗುಂಪು ಮಾಡುವುದು ಸರಿಹೋಗಲ್ಲ. 'ಮಲ್ಟಿಲಿಂಗ್ವಲ್' ಅಂದರೆ ಬರ್ಟಾಪಿಕ್ ಎತ್ತಿಕೊಳ್ಳುವುದು ವಾಕ್ಯದ ಅರ್ಥವನ್ನು ಸಂಖ್ಯೆಗಳಾಗಿಸುವ ಮಿನಿಎಲ್‌ಎಂ ಮಾದರಿ. ಅದರ ಭಾಷಾಪಟ್ಟಿಯಲ್ಲಿ ಹಿಂದಿ, ಮರಾಠಿ, ಗುಜರಾತಿ ಇವೆ, ಕನ್ನಡ ಇಲ್ಲ. ಬದಲಿಗೆ ಲಾಬ್ಸೆ ಮಾದರಿ ಹಾಕಿ, ಅದರಲ್ಲಿ ಕನ್ನಡ ಇದೆ. ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿದ ಕನ್ನಡವನ್ನು ಇಂಡಿಕ್‌ಎಕ್ಸ್‌ಲಿಟ್‌ನಿಂದ ಕನ್ನಡ ಲಿಪಿಗೆ ತನ್ನಿ. 'ಹೌದು', 'ಸರಿ' ಥರದ ಒಂಟಿ ಸಂದೇಶಗಳಿಂದ ಏನೂ ಸಿಗಲ್ಲ. ಅರ್ಧ ಗಂಟೆಯೊಳಗಿನ ಮಾತನ್ನು ಒಂದೇ ದಾಖಲೆಯಾಗಿ ಕಟ್ಟಿ.

ಹಾರಂಗಿ_ಬಲದಂಡೆ
ಎಲ್ಲವೂ ಏರುತ್ತಿದೆ ಎಂದರೆ ಬಹುಶಃ ಏರಿದ್ದು ಸಂದೇಶಗಳ ಸಂಖ್ಯೆ. ಎಣಿಕೆ ಬಿಟ್ಟು ತಿಂಗಳ ಒಟ್ಟು ದಾಖಲೆಗಳಲ್ಲಿ ಶೇಕಡಾ ಪಾಲು ತೆಗೆಯಿರಿ. -1ಕ್ಕೆ (ಯಾವ ವಿಷಯಕ್ಕೂ ಸೇರದವುಗಳ ಗುಂಪು) ಬಿದ್ದವನ್ನೂ ಒಟ್ಟು ಲೆಕ್ಕಕ್ಕೆ ಹಿಡಿಯಿರಿ.

ಮಾರ್ಚಿನ ಮಳೆ ಮಾತು ಕಾಫಿ ಹೂ ಅರಳಿಸುವ ಹೂಮಳೆಯದ್ದು, ಆಗಸ್ಟಿನದ್ದು ಗುಡ್ಡ ಜರಿಯುವ ಭಯದ್ದು. ಹಾಗಾಗಿ ಆಗಸ್ಟನ್ನು ಜುಲೈ ಜೊತೆಗಲ್ಲ, ಬೇರೆ ವರ್ಷಗಳ ಆಗಸ್ಟ್ ಜೊತೆ ಹೋಲಿಸಿ. ಭಾರಿ ಭೂಕುಸಿತವಾದ 2018ರ ಆಗಸ್ಟನ್ನೇ ಅಳತೆಗೋಲು ಮಾಡಿಕೊಂಡರೆ ಆಮೇಲಿನ ಮಳೆಗಾಲವೆಲ್ಲ ಶಾಂತವಾಗಿ ಕಾಣುತ್ತದೆ. ಆರೂ ವರ್ಷದ ಮಧ್ಯಾಂಕ ಇಟ್ಟುಕೊಳ್ಳಿ. ಒಂದೇ ವಿಷಯದೊಳಗೆ ಪದ ಬದಲಾಗುವುದು ಕಾಣಬೇಕಿದ್ದರೆ ಗ್ಲೋಬಲ್ ಮತ್ತು ಎವಲ್ಯೂಷನ್ ಟ್ಯೂನಿಂಗ್ ಸೆಟ್ಟಿಂಗ್ ಎರಡನ್ನೂ ಆಫ್ ಮಾಡಿ. ಡಿಫಾಲ್ಟಾಗಿ ಅವು ಆನ್ ಇರುತ್ತವೆ, ವ್ಯತ್ಯಾಸವನ್ನು ಸವರಿಬಿಡುತ್ತವೆ.

ಗೋಣಿಕೊಪ್ಪ_ಗ್ರಾಫ್
'ಆನ' ಇದೆ! ಆದರೆ ಭೂಕುಸಿತದ ಮಾತು 2018ರ ಮೇ, ಜೂನ್‌ನಲ್ಲೂ ಕಾಣುತ್ತಿದೆ?

ಕಾಳುಮೆಣಸು_ಬಳ್ಳಿ
ದಿನಾಂಕ ತಿರುಗಿದೆ. 5/8 ಅನ್ನು 2.0ಕ್ಕಿಂತ ಹಳೆಯ ಪಾಂಡಾಸ್ (ಪೈಥಾನ್‌ನ ದತ್ತಾಂಶ ಲೈಬ್ರರಿ) ಮೇ 8 ಅಂತ ಓದುತ್ತದೆ, 17/8 ಮಾತ್ರ ಸರಿಯಾಗಿ ಬರುತ್ತದೆ. 'ಡೇಫಸ್ಟ್' (ದಿನ ಮೊದಲು) ಆನ್ ಮಾಡಿ, ಅಥವಾ ದಿನ-ತಿಂಗಳು-ವರ್ಷದ ಫಾರ್ಮ್ಯಾಟನ್ನೇ ಬರೆದುಕೊಡಿ.