ಜಿಆರ್‌ಇ ಪ್ರಬಂಧ 3.5ಕ್ಕೇ ನಿಂತಿದೆ, ಎಲ್ಲಿ ಎಡವುತ್ತಿದ್ದೇನೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಹೊರದೇಶದಲ್ಲಿ ಸ್ನಾತಕೋತ್ತರ ಓದಿಗೆ ಕೇಳುವ ಜಿಆರ್‌ಇ ಪರೀಕ್ಷೆಯನ್ನು ಹೋದ ತಿಂಗಳು ಬರೆದೆ. ಮುಗಿದ ಕೂಡಲೇ ಸ್ಕ್ರೀನ್ ಮೇಲೆ ಕ್ವಾಂಟ್ (ಗಣಿತ), ವರ್ಬಲ್ (ಇಂಗ್ಲಿಷ್ ಓದು, ಪದಗಳು) ಸ್ಕೋರ್ ಬಂತು. ಎರಡೂ ಚೆನ್ನಾಗಿದ್ದವು, ಖುಷಿಯಾಯಿತು. ಆಮೇಲೆ ಪೂರ್ತಿ ಫಲಿತಾಂಶ ನೋಡಿದರೆ ಪ್ರಬಂಧಕ್ಕೆ 6ಕ್ಕೆ 3.5 ಬಂದಿದೆ. ಇಂಗ್ಲಿಷ್ ನನಗೆ ಕಷ್ಟವಲ್ಲ, ಅದಕ್ಕೇ ಜಾಸ್ತಿ ಬೇಜಾರು.

ಅಣ್ಣ ಕೊಟ್ಟ ಹಳೇ ಪುಸ್ತಕದಲ್ಲಿ ಹೇಳಿದ ಹಾಗೇ ಐದು ಪ್ಯಾರಾ, ಮೂರು ಉದಾಹರಣೆ ಬರೆದಿದ್ದೆ. ಅದರಲ್ಲಿ ಇಶ್ಯೂ (ಕೊಟ್ಟ ವಿಷಯದ ಮೇಲೆ ನಮ್ಮ ನಿಲುವು), ಆರ್ಗ್ಯುಮೆಂಟ್ (ಬೇರೆಯವರ ವಾದವನ್ನು ಅಳೆಯುವುದು) ಅಂತ ಎರಡು ಪ್ರಬಂಧ ಇವೆ. ನನಗೆ ಬಂದದ್ದು ಒಂದೇ. ಮತ್ತೆ ಬರೆಯುವವಳಿದ್ದೇನೆ. ಮನೆಯಲ್ಲಿ ಅಭ್ಯಾಸಕ್ಕೆ ಬರೆದ ಒಂದು ಪ್ಯಾರಾವನ್ನು ಕನ್ನಡದಲ್ಲಿ ಹಾಕುತ್ತಿದ್ದೇನೆ. ವಿಷಯ, ‘ಶಾಲೆಗಳು ಮಕ್ಕಳಿಗೆ ಅಂಕ ಕೊಡುವುದನ್ನು ನಿಲ್ಲಿಸಬೇಕು.’

“ಅಂಕಗಳು ಮಕ್ಕಳಲ್ಲಿ ಒತ್ತಡ ಹೆಚ್ಚಿಸುತ್ತವೆ. ಒತ್ತಡ ಆರೋಗ್ಯಕ್ಕೆ ಕೆಟ್ಟದ್ದು. ಐನ್‌ಸ್ಟೈನ್ ಅವರಂಥ ದೊಡ್ಡ ವಿಜ್ಞಾನಿಗಳೂ ಅಂಕ ತೆಗೆದು ಮೇಲೆ ಬಂದವರಲ್ಲ. ಆದ್ದರಿಂದ ಅಂಕ ಕೊಡುವ ಪದ್ಧತಿಯನ್ನು ಖಂಡಿತ ತೆಗೆದುಹಾಕಬೇಕು.”

ಇದರಲ್ಲಿ ಏನು ಕಮ್ಮಿ ಇದೆ, ದಯವಿಟ್ಟು ಹೇಳಿ.

ಉತ್ತರ 1

ಮೊದಲು ಆ ಪುಸ್ತಕದ ಅರ್ಧ ಮುಚ್ಚಿಡಿ. 2023ರ ಸೆಪ್ಟೆಂಬರ್‌ನಿಂದ ಜಿಆರ್‌ಇಯಲ್ಲಿ ಆರ್ಗ್ಯುಮೆಂಟ್ ಪ್ರಬಂಧ ಇಲ್ಲ. ಈಗ ಇರುವುದು ಇಶ್ಯೂ ಒಂದೇ, 30 ನಿಮಿಷ. ಮತ್ತೆ ಬರೆಯಲು 21 ದಿನ ಬಿಡಬೇಕು. 12 ತಿಂಗಳಲ್ಲಿ 5 ಸಲ ಬರೆಯಬಹುದು.

ಉತ್ತರ 2

ನನಗೂ ಮೊದಲ ಸಲ 3.5 ಬಂದಿತ್ತು, ಎರಡನೇ ಸಲ 5. ನಡುವೆ ನನ್ನ ಇಂಗ್ಲಿಷ್ ಏನೂ ಬದಲಾಗಿರಲಿಲ್ಲ. ನಿಮ್ಮ ಪ್ಯಾರಾ ನೋಡಿದಾಗ ನನ್ನದೇ ಹಳೇ ಪ್ಯಾರಾ ನೋಡಿದ ಹಾಗಾಯಿತು, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ಒಂದೊಂದೇ ಸಾಲು ನೋಡೋಣ. ‘ಅಂಕಗಳು ಒತ್ತಡ ಹೆಚ್ಚಿಸುತ್ತವೆ.’ ಯಾವ ಅಂಕ? ವಾರದ ಕಿರುಪರೀಕ್ಷೆಯಲ್ಲಿ ಹತ್ತಕ್ಕೆ ನಾಲ್ಕು ಬಂದ ಹುಡುಗಿ ಉತ್ತರ ಪತ್ರಿಕೆ ತಿರುವಿ, ಭಿನ್ನರಾಶಿ ಲೆಕ್ಕಗಳಲ್ಲೇ ತಪ್ಪಿದ್ದೇನೆ ಅಂತ ಕಂಡುಕೊಳ್ಳುತ್ತಾಳೆ. ಅದೇ ನಾಲ್ಕನ್ನು ಇಡೀ ತರಗತಿಯ ಪಟ್ಟಿಯಲ್ಲಿ ಕೊನೆಯ ಹೆಸರಾಗಿ ಗೋಡೆಗೆ ಅಂಟಿಸಿದರೆ? ಅಂಕ ಒಂದೇ, ಆದರೆ ಆಗುವುದು ಬೇರೆ ಅಲ್ವಾ? ನೀವು ಹೇಳುತ್ತಿರುವ ಒತ್ತಡ ಎರಡನೆಯ ಕಡೆ ಇದೆ. ನೀವು ಅಲ್ಲಿಗೆ ಹೋಗಲೇ ಇಲ್ಲ. ಸೀದಾ ಆರೋಗ್ಯಕ್ಕೆ, ಅಲ್ಲಿಂದ ಐನ್‌ಸ್ಟೈನ್‌ಗೆ, ಅಲ್ಲಿಂದ ‘ಖಂಡಿತ’ಕ್ಕೆ ಹಾರಿಬಿಟ್ಟಿರಿ.

ಐನ್‌ಸ್ಟೈನ್ ವಿಷಯ ಬಂತಲ್ಲ, ಒಂದು ಮಾತು. 1896ರಲ್ಲಿ ಸ್ವಿಟ್ಜರ್ಲೆಂಡಿನ ಆರಾವ್ ಶಾಲೆಯಿಂದ ಅವರಿಗೆ ಸಿಕ್ಕ ಪ್ರಮಾಣಪತ್ರದಲ್ಲಿ ಬೀಜಗಣಿತ, ರೇಖಾಗಣಿತ, ಭೌತಶಾಸ್ತ್ರ ಮೂರಕ್ಕೂ 6ಕ್ಕೆ 6 ಇದೆ. ದೊಡ್ಡ ಹೆಸರು ಹಾಕಿದರೆ ತೂಕ ಬರುತ್ತದೆ ಅಂತ ಸುಮ್ನೆ ಹಾಕಬೇಡಿ. ಆ ಹೆಸರು ನಿಮ್ಮ ವಾದದಲ್ಲಿ ಏನು ಕೆಲಸ ಮಾಡುತ್ತಿದೆ ಅಂತ ಕೇಳಿಕೊಳ್ಳಿ.

ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ:

“ಮಕ್ಕಳನ್ನು ಹೆದರಿಸುವುದು ಅಂಕವಲ್ಲ, ಅಂಕವನ್ನು ಎಲ್ಲರ ಮುಂದೆ ಹೋಲಿಸುವುದು. ತನಗೆ ಮಾತ್ರ ಗೊತ್ತಿರುವ ನಾಲ್ಕು ಅಂಕ ಮಗುವಿಗೆ ಎಲ್ಲಿ ಓದಬೇಕು ಅಂತ ತೋರಿಸುತ್ತದೆ. ಗೋಡೆಯ ಮೇಲಿನ ನಾಲ್ಕು ಅಂಕ ಅದನ್ನು ಮೂಲೆಗೆ ತಳ್ಳುತ್ತದೆ. ಅಂಕವನ್ನೇ ತೆಗೆದರೆ ಎರಡನೆಯದರ ಜೊತೆ ಮೊದಲನೆಯದೂ ಹೋಗುತ್ತದೆ.”

ಇದರಲ್ಲಿ ಕಷ್ಟದ ಪದ ಒಂದೂ ಇಲ್ಲ, ಉದಾಹರಣೆಯೂ ಒಂದೇ. ಆದರೆ ವಾದ ಎಲ್ಲಿ ನಿಲ್ಲುತ್ತದೆ, ಎಲ್ಲಿ ಬೀಳುತ್ತದೆ ಅಂತ ಓದುವವರಿಗೆ ಗೊತ್ತಾಗುತ್ತದೆ.

ಇನ್ನೊಂದು, ಇದನ್ನು ನಾನು ಮೊದಲ ಸಲ ಓದದೇ ಬಿಟ್ಟಿದ್ದೆ. ವಿಷಯದ ಕೆಳಗೆ ಒಂದು ಸೂಚನೆ ಇರುತ್ತದೆ. ಒಮ್ಮೆ, ಈ ಮಾತು ಯಾವ ಸಂದರ್ಭದಲ್ಲಿ ನಿಜ, ಯಾವುದರಲ್ಲಿ ಅಲ್ಲ ಅಂತ ಕೇಳಿರುತ್ತಾರೆ. ಇನ್ನೊಮ್ಮೆ, ನಿಮ್ಮ ನಿಲುವಿಗೆ ಎದುರಾಗಿ ಬರಬಹುದಾದ ಗಟ್ಟಿ ಕಾರಣಗಳಿಗೆ ಉತ್ತರ ಕೊಡಿ ಅಂತ. ಮತ್ತೊಮ್ಮೆ, ಇದನ್ನು ಜಾರಿಗೆ ತಂದರೆ ಏನೇನಾಗುತ್ತದೆ ಅಂತ. ನಾನು ಮೂರಕ್ಕೂ ಒಂದೇ ಅಚ್ಚು ಹಾಕುತ್ತಿದ್ದೆ. ಕೇಳಿದ್ದಕ್ಕೆ ಉತ್ತರ ಇಲ್ಲದಿದ್ದರೆ ಎಷ್ಟು ಚೆನ್ನಾಗಿ ಬರೆದರೂ ಸ್ಕೋರ್ ಏಳುವುದಿಲ್ಲ.

ಎರಡನೇ ಸಲ ಮೊದಲ ಆರು ನಿಮಿಷ ಕೀಬೋರ್ಡ್ ಮುಟ್ಟಲೇ ಇಲ್ಲ. ರಫ್ ಪೇಪರ್ ಮೇಲೆ ನನ್ನ ನಿಲುವು ಒಂದು ಸಾಲು, ಅದು ಸುಳ್ಳಾಗುವ ಸಂದರ್ಭ ಒಂದು ಸಾಲು ಬರೆದೆ. ಎದೆ ಹೊಡೆದುಕೊಳ್ಳುತ್ತಿತ್ತು. ಆದರೆ ಆ ಎರಡು ಸಾಲು ಇದ್ದದ್ದಕ್ಕೇ ಉಳಿದದ್ದು ತಾನಾಗಿ ಬಂತು.

ಉತ್ತರ 3

ಮೇಲಿನವರು ಹೇಳಿದ್ದು ಸರಿ, ಒಂದೆರಡು ಸೇರಿಸುತ್ತೇನೆ. ಪರೀಕ್ಷೆಯಲ್ಲಿ ಸ್ಪೆಲಿಂಗ್ ತಿದ್ದುವ ಸೌಲಭ್ಯ ಇಲ್ಲ. ಕಟ್, ಪೇಸ್ಟ್, ಅನ್‌ಡು ಇಷ್ಟೇ. ಮನೆಯಲ್ಲೂ ಹಾಗೇ ಅಭ್ಯಾಸ ಮಾಡಿ. ಸಣ್ಣಪುಟ್ಟ ತಪ್ಪಿಗೆ ಹೆದರಬೇಡಿ, 6 ಬಂದ ಪ್ರಬಂಧದಲ್ಲೂ ಅಂಥವು ಇರಬಹುದು ಅಂತ ಪರೀಕ್ಷೆ ನಡೆಸುವ ಇಟಿಎಸ್ ಸಂಸ್ಥೆಯ ಮಾನದಂಡದಲ್ಲೇ ಇದೆ. ಬರಬಹುದಾದ ವಿಷಯಗಳ ಪೂರ್ತಿ ಪಟ್ಟಿಯನ್ನು ಇಟಿಎಸ್ ತನ್ನ ವೆಬ್‌ಸೈಟಿನಲ್ಲೇ ಹಾಕಿದೆ. ಎಲ್ಲಕ್ಕೂ ಬರೆಯಲು ಹೋಗಬೇಡಿ. ದಿನಕ್ಕೆ ನಾಲ್ಕು ವಿಷಯ ತೆಗೆದುಕೊಂಡು ಆ ಎರಡು ಸಾಲು ಮಾತ್ರ ಬರೆಯಿರಿ.

ಪ್ರಶ್ನೆ ಕೇಳಿದವರು

ತುಂಬಾ ಥ್ಯಾಂಕ್ಸ್. ಈಗ ಕೂತು ಎರಡು ಸಾಲು ಬರೆದೆ. ನಿಲುವು: ‘ಅಂಕ ಇರಲಿ, ಆದರೆ ಮಗುವಿಗೆ, ಮನೆಯವರಿಗೆ ಮಾತ್ರ ಗೊತ್ತಾಗಲಿ.’ ಸುಳ್ಳಾಗುವ ಸಂದರ್ಭ: ‘ಮನೆಯವರೇ ಹೋಲಿಸುವವರಾದರೆ.’

ಉತ್ತರ 2

ಎರಡನೇ ಸಾಲು ತುಂಬಾ ಚೆನ್ನಾಗಿದೆ, ನನಗೆ ಹೊಳೆದೇ ಇರಲಿಲ್ಲ. ಅದನ್ನು ಕೊನೆಗೆ ತಳ್ಳಬೇಡಿ, ಅದಕ್ಕೇ ಒಂದು ಪೂರ್ತಿ ಪ್ಯಾರಾ ಕೊಡಿ. ಬರೆದ ಮೇಲೆ ಇಲ್ಲೇ ಹಾಕಿ, ಓದುತ್ತೇನೆ.