ಪದಚರ್ಚೆ: ನೈಲ್ ನದಿಯ ನೀರು ‘ನೆರೆ’ಯೇ? ಅದು ತಂದ ಮಣ್ಣು ‘ಹೂಳೇ’?

ಮಾನ್ಯರೆ,

ಪ್ರಾಚೀನ ನದೀಬಯಲುಗಳ ಬೇಸಾಯದ ಬಗ್ಗೆ ಮಕ್ಕಳಿಗಾಗಿ ಒಂದು ಲೇಖನ ಬರೆಯುತ್ತಿದ್ದೇನೆ. ಅದರ ಕರಡಿನಲ್ಲಿ ‘ಪ್ರತಿ ವರ್ಷವೂ ನೈಲ್ ನದಿಗೆ ನೆರೆ ಬಂದು ಹೊಲಗಳಲ್ಲಿ ಹೂಳು ತುಂಬುತ್ತಿದ್ದುದರಿಂದ ಬೆಳೆ ಹುಲುಸಾಗಿ ಬರುತ್ತಿತ್ತು’ ಎಂಬ ವಾಕ್ಯವಿತ್ತು. ಅದನ್ನು ಓದಿದ ನನ್ನ ತಂಗಿಯ ಮಗಳು, ‘ಹೂಳು ತುಂಬಿದ್ರೆ ಹೊಲ ಹಾಳಾಗ್ಬೇಕಲ್ವಾ ದೊಡ್ಡಮ್ಮ?’ ಎಂದು ಕೇಳಿದಳು. ಅವಳ ಪ್ರಶ್ನೆ ಸರಿಯಾಗಿಯೇ ಇತ್ತು. ತಪ್ಪಿದ್ದುದು ನಾನು ಆರಿಸಿಕೊಂಡ ಪದಗಳಲ್ಲಿ.

ಮೊದಲು ‘ನೆರೆ’. ಈ ಕ್ರಿಯಾಪದಕ್ಕೆ ತುಂಬು, ಕೂಡು ಎಂಬ ಅರ್ಥಗಳಿದ್ದು, ‘ನೆರೆದ ಜನ’ ಎನ್ನುವಾಗ ಇಂದಿಗೂ ಅದೇ ಅರ್ಥದಲ್ಲಿ ಬಳಸುತ್ತೇವೆ. ‘ಪ್ರವಾಹ’ಕ್ಕೂ ಮೂಲದಲ್ಲಿ ಹರಿವು ಎಂದಷ್ಟೇ ಅರ್ಥ, ‘ವಿದ್ಯುತ್ ಪ್ರವಾಹ’ದಲ್ಲಿ ಅದು ಹಾಗೆಯೇ ಉಳಿದಿದೆ. ಆದರೆ ‘ನೆರೆ ಸಂತ್ರಸ್ತರು’, ‘ಪ್ರವಾಹ ಪರಿಹಾರ’ ಎಂದು ಪ್ರತಿ ಮಳೆಗಾಲದಲ್ಲೂ ಓದುವ ನಮಗೆ ಎರಡೂ ಆಪತ್ತಿನ ಪದಗಳಾಗಿಬಿಟ್ಟಿವೆ. ನೈಲ್ ದಂಡೆಯ ರೈತನಿಗಾದರೋ ನೀರು ಏರದಿರುವುದೇ ಆಪತ್ತು. ಇಥಿಯೋಪಿಯಾದ ಎತ್ತರದ ಪ್ರದೇಶದಲ್ಲಿ ಸುರಿದ ಮಳೆಯ ನೀರು ನೀಲಿ ನೈಲ್ ಮೂಲಕ ಇಳಿದು ಬಂದು ಜುಲೈಯಿಂದ ಅಕ್ಟೋಬರಿನವರೆಗೆ ಬಯಲನ್ನು ಆವರಿಸುತ್ತಿತ್ತು. ಒಡ್ಡು ಕಟ್ಟಿ ಮಾಡಿಕೊಂಡ ವಿಶಾಲವಾದ ಮಡಿಗಳಲ್ಲಿ ಅದನ್ನು ಆರೇಳು ವಾರ ನಿಲ್ಲಿಸಿ, ನೆಲ ಆಳದವರೆಗೆ ನೆನೆದ ಮೇಲೆ ಹೊರಬಿಟ್ಟು, ಕೆಸರು ಆರುವ ಮೊದಲೇ ಗೋಧಿ, ಬಾರ್ಲಿಗಳನ್ನು ಬಿತ್ತುತ್ತಿದ್ದರು. ಪ್ರಾಚೀನ ಈಜಿಪ್ಟಿನವರ ವರ್ಷಕ್ಕೆ ಮೂರೇ ಕಾಲ: ನೀರೇರುವ ಅಖೆತ್, ನೆಲ ಹೊರಬಂದು ಪೈರು ಮೂಡುವ ಪೆರೆತ್, ಕೊಯ್ಲಿನ ಶೆಮು. ನದಿ 12 ಮೊಳ ಏರಿದರೆ ಹಸಿವು, 14 ಮೊಳಕ್ಕೆ ನಲಿವು, 16 ಮೊಳಕ್ಕೆ ಸಂಭ್ರಮ ಎಂದು 1ನೆಯ ಶತಮಾನದ ರೋಮನ್ ಲೇಖಕ ಪ್ಲಿನಿ ಬರೆದಿದ್ದಾನೆ. (ಅವರ ಅಳತೆಯೂ ನಮ್ಮ ಮೊಳದಂತೆ ಮೊಳಕೈಯಿಂದ ಬೆರಳ ತುದಿಯವರೆಗಿನದೇ ಆದ್ದರಿಂದ, ಇಲ್ಲಿ ಮಾತ್ರ ಅನುವಾದಕ್ಕೆ ತೊಡಕಿಲ್ಲ.) ಹೀಗಿರುವಾಗ ಅಖೆತ್ ಅನ್ನು ‘ನೆರೆಗಾಲ’ ಎಂದು ಬರೆಯಲು ನನಗೆ ಮನಸ್ಸು ಬರಲಿಲ್ಲ. ‘ಹೊಳೆಗೆ ಹೊಸ ನೀರು ಬಂತು’ ಎಂಬ ನಮ್ಮ ಮಾತಿನಲ್ಲಿ ಭಯವಿಲ್ಲ, ಬಾಗಿನ ಕೊಡುವಾಗಿನ ಸಂತೋಷವಿದೆ. ಸದ್ಯಕ್ಕೆ ‘ಹೊಸನೀರಿನ ಕಾಲ’ ಎಂದು ತಿದ್ದಿದ್ದೇನೆ.

‘ಹೂಳು’ ಇನ್ನೂ ಸೂಕ್ಷ್ಮವಾದದ್ದು. ಹೂಳುವುದೆಂದರೆ ಮಣ್ಣಿನಲ್ಲಿ ಮುಚ್ಚುವುದು. ನಾಮಪದದಲ್ಲಿಯೂ ಆ ನೆರಳಿದೆ. ಕೆರೆಯನ್ನೋ ಕಾಲುವೆಯನ್ನೋ ಮುಚ್ಚುತ್ತ ಬರುವ ಮಣ್ಣು ಹೂಳು. ಬೇಸಿಗೆಯಲ್ಲಿ ಕೆರೆ ಬತ್ತಿ ಅಂಗಳ ಬಿರುಕು ಬಿಟ್ಟಾಗ, ಆ ಮಣ್ಣನ್ನು ಹೆಂಟೆ ಹೆಂಟೆಯಾಗಿ ಅಗೆದು ಗಾಡಿಗೆ ತುಂಬಿ ಹೊಲಕ್ಕೆ ಹೊಡೆಯುವುದನ್ನು ನಮ್ಮಲ್ಲಿ ಹಲವರು ನೋಡಿರುತ್ತೀರಿ. ಗಾಡಿಗೆ ಏರಿದ ಮೇಲೆ ಅದನ್ನು ರೈತರು ಹೂಳೆನ್ನುವುದಿಲ್ಲ, ‘ಗೋಡು’ ಎನ್ನುತ್ತಾರೆ. ಮಣ್ಣು ಒಂದೇ ಆದರೂ ಅದು ಬಿದ್ದಿರುವ ಜಾಗ ಹೆಸರನ್ನು ಬದಲಿಸುತ್ತದೆ. ನದಿಯೇ ತಂದು ಹೊಲಕ್ಕೆ ಹಾಸಿದ್ದಕ್ಕೆ ‘ಮೆಕ್ಕಲು ಮಣ್ಣು’ ಎಂಬ ಪದವಿದ್ದೇ ಇದೆ. ಈಜಿಪ್ಟಿನವರು ತಮ್ಮ ನಾಡನ್ನು ಕೆಮೆತ್, ಅಂದರೆ ಕರಿನೆಲ ಎಂದು ಕರೆದುಕೊಂಡದ್ದು ಈ ಮೆಕ್ಕಲಿನ ಬಣ್ಣದಿಂದಲೇ. ಆಚೆಯ ಮರುಭೂಮಿ ಅವರಿಗೆ ದೆಶ್ರೆತ್, ಕೆನ್ನೆಲ. 1970ರಲ್ಲಿ ಪೂರ್ಣಗೊಂಡ ಆಸ್ವಾನ್ ಮಹಾ ಅಣೆಕಟ್ಟಿನ ಹಿಂದೆ ಈಗ ಅದೇ ಮಣ್ಣು ನಿಲ್ಲುತ್ತಿದೆ, ರೈತರು ರಾಸಾಯನಿಕ ಗೊಬ್ಬರವನ್ನು ನೆಚ್ಚಿಕೊಳ್ಳಬೇಕಾಗಿದೆ. ಹೊಲದ ಮೆಕ್ಕಲು ಜಲಾಶಯದ ಹೂಳಾಯಿತು ಎಂದು ಬರೆದರೆ ಇಡೀ ಬದಲಾವಣೆ ಎರಡು ಪದಗಳಲ್ಲಿ ಹೇಳಿದಂತಾಗುತ್ತದೆ.

ಮೆಸೊಪೊಟೇಮಿಯಾದ (ಹೆಚ್ಚುಕಡಿಮೆ ಇಂದಿನ ಇರಾಕ್) ಭಾಗಕ್ಕೆ ಬಂದಾಗ ನಾನು ಬಿಟ್ಟ ಪದಗಳೇ ಬೇಕಾದವು. ಟೈಗ್ರಿಸ್, ಯೂಫ್ರೇಟಿಸ್ ನದಿಗಳು ಉತ್ತರದ ಬೆಟ್ಟಗಳ ಹಿಮ ಕರಗಿ ಏಪ್ರಿಲ್, ಮೇ ತಿಂಗಳುಗಳಲ್ಲಿ, ಅಂದರೆ ಬೆಳೆ ಕೊಯ್ಲಿಗೆ ಬಂದು ನಿಂತಾಗ ಉಕ್ಕುತ್ತಿದ್ದವು. ಅದು ಸಂಶಯವಿಲ್ಲದೆ ನೆರೆ. ಅಲ್ಲಿನ ಕಾಲುವೆಗಳನ್ನು ಮತ್ತೆ ಮತ್ತೆ ಮುಚ್ಚುತ್ತಿದ್ದುದೂ ಹೂಳೇ, ಅದನ್ನು ಎತ್ತುವುದು ಊರಿನ ಜನಕ್ಕೆ ತಪ್ಪದ ದುಡಿಮೆ. ಬ್ಯಾಬಿಲೋನಿನ ದೊರೆ ಹಮ್ಮುರಾಬಿಯ ಸುಮಾರು ಕ್ರಿ.ಪೂ. 1750ರ ಕಟ್ಟಳೆಯಂತೆ, ಒಬ್ಬನು ತನ್ನ ಒಡ್ಡನ್ನು ಭದ್ರಪಡಿಸದೆ ಸೋಮಾರಿಯಾಗಿದ್ದು, ಅದು ಒಡೆದು ಇತರರ ಹೊಲ ಮುಳುಗಿದರೆ, ನಷ್ಟವಾದ ಧಾನ್ಯವನ್ನು ಅವನೇ ತುಂಬಿಕೊಡಬೇಕಾಗಿತ್ತು. ಇಲ್ಲಿ ‘ಏರಿ’ ಎಂದು ಬರೆದಿದ್ದೆ. ಓದುವವರಿಗೆ ಕೆರೆಯ ಚಿತ್ರ ಮೂಡುವುದೆಂದು ‘ಒಡ್ಡು’ ಎಂದು ತಿದ್ದಿದೆ.

ಬಲ್ಲವರಲ್ಲಿ ನನ್ನ ಕೋರಿಕೆ ಎರಡು. ಹದವರಿತು ಬಂದು ಇಳಿಯುವ ವಾರ್ಷಿಕ ನೀರಿಗೆ ‘ಹೊಸನೀರು’ ಎಂಬುದನ್ನು ಪಾರಿಭಾಷಿಕವಾಗಿ ಬಳಸಬಹುದೇ, ಅಥವಾ ನಿಮ್ಮ ಕಡೆ ಇದಕ್ಕಿಂತ ನಿಖರವಾದ ಮಾತು ಬಳಕೆಯಲ್ಲಿದೆಯೇ? ಹೊಳೆ ಇಳಿದ ಮೇಲೆ ದಂಡೆಯ ಹಸಿ ಮಣ್ಣಿನಲ್ಲಿ, ಮಳೆಯನ್ನು ಕಾಯದೆ ಬಿತ್ತುವ ನೆಲಕ್ಕೆ ಕೃಷ್ಣಾ, ಭೀಮಾ, ತುಂಗಭದ್ರಾ ತೀರದ ಊರುಗಳಲ್ಲಿ ಏನನ್ನುತ್ತಾರೆ? ಪದದ ಜೊತೆಗೆ ಅದು ಬಳಕೆಯಲ್ಲಿರುವ ತಾಲ್ಲೂಕನ್ನೂ ಒಂದು ಬಳಕೆಯ ವಾಕ್ಯವನ್ನೂ ಬರೆದರೆ ಉಪಕಾರವಾಗುತ್ತದೆ.