32ನೇ ವಾರ, ಅಮ್ಮ ಬರೋಹಾಗಿಲ್ಲ. ಡೂಲಾ ಇಟ್ಕೊಂಡವರು ಯಾರಾದ್ರೂ ಇದ್ದೀರಾ?

ಚೊಚ್ಚಲು
ಎಲ್ಲರಿಗೂ ನಮಸ್ಕಾರ. ಹೊರದೇಶದಲ್ಲಿರೋ ಕನ್ನಡದವರ ಈ ಗುಂಪಲ್ಲಿ ಎರಡು ವರ್ಷದಿಂದ ಇದ್ದೀನಿ, ಬರೀತಿರೋದು ಇದೇ ಮೊದಲು. ಹೆರಿಗೆಗೆ ಅಮ್ಮ ಬರ್ತಾಳೆ ಅಂತಲೇ ಕೂತಿದ್ವಿ, ಹೋದ ವಾರ ವೀಸಾ ಸಿಗ್ಲಿಲ್ಲ ಅಂತ ಪತ್ರ ಬಂತು. ನನ್ನ ಗಂಡ ಒಳ್ಳೆಯವನು. ಆದ್ರೆ ರಕ್ತಪರೀಕ್ಷೆಗೆ ಜೊತೆಗೆ ಬಂದವನು, ನನ್ನ ಕೈಗೆ ಸೂಜಿ ಚುಚ್ಚಿದ್ದು ನೋಡಿ ತಾನೇ ಕುರ್ಚಿ ಹಿಡ್ಕೊಂಡು ಕೂತ.

ಹೆರಿಗೆ ಹೊತ್ತಲ್ಲಿ ಜೊತೆಗಿದ್ದು ಧೈರ್ಯ ಹೇಳೋಕೆ, ನೆರವಾಗೋಕೆ ದುಡ್ಡು ಕೊಟ್ಟು ಇಟ್ಕೊಳ್ಳೋ ಡೂಲಾ ಅಂತ ಇರ್ತಾರೆ ಅಂತ ಈಚೆಗೆ ಗೊತ್ತಾಯ್ತು. ಇಬ್ಬರ ಜೊತೆ ಮಾತಾಡಿದ್ವಿ. ಒಬ್ಬಳು "ಡಾಕ್ಟರ್ ಹತ್ರ ನಾನೇ ಮಾತಾಡ್ತೀನಿ, ಸಿಸೇರಿಯನ್ ಆಗದ ಹಾಗೆ ನೋಡ್ಕೋತೀನಿ" ಅಂದ್ಲು. ಇನ್ನೊಬ್ಬಳು ಭರವಸೆ ಏನೂ ಕೊಡ್ಲಿಲ್ಲ. ನಂಗೆ ಯಾವುದಕ್ಕೆಲ್ಲ ಹೆದರಿಕೆ ಅಂತ ಕೇಳಿ ಬರ್ಕೊಂಡ್ಲು, ಅಷ್ಟೇ.

ನೋವು ಶುರುವಾದ್ಮೇಲೆ ಇವರು ನಿಜವಾಗ್ಲೂ ಏನು ಮಾಡ್ತಾರೆ? ನಾನು ಎಪಿಡ್ಯೂರಲ್ (ನೋವು ಗೊತ್ತಾಗದ ಹಾಗೆ ಬೆನ್ನಿಗೆ ಕೊಡೋ ಔಷಧಿ) ತಗೋಬೇಕು ಅಂದ್ಕೊಂಡಿದ್ದೀನಿ, ಹಾಗಾದ್ರೆ ಇವರಿಗೆ ಕೆಲಸ ಇರುತ್ತಾ? ಒಪ್ಪಂದದಲ್ಲಿ ಏನು ನೋಡ್ಬೇಕು?

ಹಿರಿಯಣ್ಣ
ಅಭಿನಂದನೆ ತಂಗಿ. ವೀಸಾಗೆ ಇನ್ನೊಂದ್ಸಲ ಹಾಕು. ಈ ಗುಂಪಲ್ಲಿ ನೂರು ಸಲ ಹೇಳಿದ್ದೀನಿ, ಸಿಹಿಸುದ್ದಿ ಗೊತ್ತಾದ ದಿನವೇ ಅರ್ಜಿ ಹಾಕ್ಬೇಕು ಅಂತ. ಹಳೇದನ್ನ ಯಾರೂ ಓದಲ್ಲ.

ಎರಡು ಹೆರಿಗೆಯವಳು
ಮೊದಲನೇ ಹೆರಿಗೆಗೆ ಡೂಲಾ ಇರ್ಲಿಲ್ಲ, ಎರಡನೇದಕ್ಕೆ ಇದ್ದಳು. ಸ್ವಲ್ಪ ಉದ್ದ ಬರೀತೀನಿ.

ಡೂಲಾ ಹೆರಿಗೆ ಮಾಡಿಸಲ್ಲ. ಸೂಲಗಿತ್ತಿ ಬೇರೆ, ಇವಳು ಬೇರೆ. ಗರ್ಭಕಂಠ ಎಷ್ಟು ತೆರೆದಿದೆ ನೋಡೋದು, ಮಗುವಿನ ಎದೆಬಡಿತ ಕೇಳೋದು, ಔಷಧಿ ಕೊಡೋದು ಯಾವುದೂ ಅವಳ ಕೆಲಸ ಅಲ್ಲ. ನಿನ್ನ ಪರವಾಗಿ ಹೂಂ ಅನ್ನೋದು, ಉಹೂಂ ಅನ್ನೋದೂ ಅಲ್ಲ. ಡಾಕ್ಟರ್ ಏನೋ ಹೇಳಿ ಹೋದ್ಮೇಲೆ "ಅರ್ಥ ಆಯ್ತಾ, ಏನಾದ್ರೂ ಕೇಳ್ಬೇಕಾ, ಯೋಚನೆ ಮಾಡೋಕೆ ಐದು ನಿಮಿಷ ಬೇಕಾ" ಅಂತ ನಿನ್ನ ಬಾಯಲ್ಲೇ ಮಾತು ಹೊರಡಿಸ್ತಾಳೆ. ಹಾಗಾಗಿ ಆ ಮೊದಲನೆಯವಳನ್ನ ಬಿಟ್ಬಿಡು. ಸಿಸೇರಿಯನ್ ತಪ್ಪಿಸ್ತೀನಿ ಅಂತ ಮಾತು ಕೊಡೋಳಿಗೆ ತನ್ನ ಕೆಲಸದ ಗಡಿಯೇ ಗೊತ್ತಿಲ್ಲ.

ಸಾಮಾನ್ಯವಾಗಿ ಹೆರಿಗೆಗೆ ಮುಂಚೆ ಒಂದೆರಡು ಸಲ ಬಂದು ಕೂತು ಮಾತಾಡ್ತಾರೆ. 38ನೇ ವಾರದ ಹೊತ್ತಿಂದ ಹಗಲು ರಾತ್ರಿ ಫೋನಿಗೆ ಸಿಗ್ತಾರೆ. ಸಣ್ಣ ನೋವು ಶುರುವಾದ ಕೂಡ್ಲೇ ಓಡಿ ಬರಲ್ಲ, ಫೋನಲ್ಲೇ ಇರ್ತಾರೆ. ಚೊಚ್ಚಲಿಗೆ ಈ ಹಂತವೇ ಬಹಳ ಉದ್ದ. ಗರ್ಭಕಂಠ 5 ಸೆಂಟಿಮೀಟರ್ ತೆರೆದ ಮೇಲೇ ಹೆರಿಗೆಯ ಸಕ್ರಿಯ ಹಂತ ಅಂತ ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲೇ ಹೇಳಿದೆ. ನಾನು ಮೊದಲನೇ ಸಲ ಗಾಬರಿಯಲ್ಲಿ ಆಸ್ಪತ್ರೆಗೆ ಹೋಗಿ, ಮನೆಗೆ ವಾಪಸ್ ಕಳಿಸಿಸ್ಕೊಂಡು, ಮತ್ತೆ ಹೋದೆ. ಎರಡನೇ ಸಲ ಡೂಲಾ ಫೋನಲ್ಲಿ ನಾನು ಉಸಿರಾಡೋದನ್ನ ಕೇಳಿಸ್ಕೊಂಡು "ನೋವು ಬಂದಾಗ್ಲೂ ಪೂರ್ತಿ ವಾಕ್ಯ ಮಾತಾಡ್ತಿದ್ದೀಯಲ್ಲ, ಇನ್ನೊಂದು ಸ್ನಾನ ಮಾಡು" ಅಂದ್ಲು. ನೀರು ಒಡೆದ್ರೆ, ರಕ್ತ ಹೋದ್ರೆ, ಮಗು ಓಡಾಡೋದು ಕಮ್ಮಿ ಆದ್ರೆ ಮಾತ್ರ ಡೂಲಾಗೆ ಅಲ್ಲ, ನೇರ ಆಸ್ಪತ್ರೆಗೇ ಫೋನ್ ಮಾಡ್ಬೇಕು.

ಎಪಿಡ್ಯೂರಲ್ ತಗೋ, ಯಾರೇನು ಅಂದ್ರೂ ತಲೆ ಕೆಡಿಸ್ಕೋಬೇಡ. ಆಮೇಲೂ ಕೆಲಸ ಇರುತ್ತೆ. ಕಾಲು ಭಾರ ಆಗಿ ನೀನೇ ಹೊರಳೋಕೆ ಆಗಲ್ಲ, ಆಗಾಗ ಮಗ್ಗುಲು ಬದಲಿಸ್ಬೇಕು, ಮಂಡಿ ಮಧ್ಯೆ ಕಡಲೆಕಾಯಿ ಆಕಾರದ ಚೆಂಡು ಇಡ್ತಾರೆ. ನೀನು ನಿದ್ದೆ ಹೋದ್ರೆ ನಿನ್ನ ಗಂಡನೂ ಮಲಗ್ಲಿ, ಅವಳು ಎಚ್ಚರ ಇರ್ತಾಳೆ. ಒಂದ್ವೇಳೆ ಸಿಸೇರಿಯನ್ ಆದ್ರೆ ಶಸ್ತ್ರಚಿಕಿತ್ಸೆ ಕೋಣೆಗೆ ಬಿಡೋದು ಎಷ್ಟೋ ಕಡೆ ಒಬ್ಬರನ್ನೇ. ಆ ಒಬ್ಬರು ಯಾರು ಅಂತ ಈಗ್ಲೇ ತೀರ್ಮಾನಿಸಿ.

ಒಪ್ಪಂದಕ್ಕೆ ಬರ್ತೀನಿ. ಅದೇ ರಾತ್ರಿ ಅವಳು ಇನ್ನೊಂದು ಹೆರಿಗೆಯಲ್ಲಿದ್ರೆ ಬದಲಿ ಯಾರು, ಅವರನ್ನ ಮುಂಚೆಯೇ ನೋಡ್ಬಹುದಾ? ಇದೇ ಮುಖ್ಯ. ನೋವು ಬರಿಸೋಕೆ ಔಷಧಿ ಕೊಟ್ರೆ ಒಂದು ದಿನಕ್ಕಿಂತ ಜಾಸ್ತಿಯೂ ಹಿಡಿಯಬಹುದು, ಅವಳು ಯಾವಾಗ ಬರ್ತಾಳೆ, ಸತತ ಎಷ್ಟು ಗಂಟೆ ಇರ್ತಾಳೆ? ಅವಳು ತಲುಪೋಕೆ ಮುಂಚೆಯೇ ಮಗು ಹುಟ್ಟಿದ್ರೆ ದುಡ್ಡಿನ ಕಥೆ ಏನು? ಬಹಳ ಕಡೆ ಯಾರು ಬೇಕಾದ್ರೂ ತಮ್ಮನ್ನ ಡೂಲಾ ಅಂತ ಕರ್ಕೋಬಹುದು, ಸರ್ಕಾರಿ ಪರವಾನಗಿ ಇರಲ್ಲ. ಎಲ್ಲಿ ಕಲ್ತೆ ಅಂತ ಕೇಳು, ಈಚೆಗೆ ಅವಳ ಜೊತೆ ಹೆತ್ತ ಇಬ್ಬರ ಹತ್ರ ಮಾತಾಡು. ಹೆರಿಗೆ ಕೋಣೆಗೆ ಎಷ್ಟು ಜನರನ್ನ ಬಿಡ್ತಾರೆ ಅಂತ ಆಸ್ಪತ್ರೆಯಲ್ಲೂ ವಿಚಾರಿಸು.

ನೇರ ಮಾತು
ಕ್ಷಮಿಸಿ, ನಂದು ನೇರ ಮಾತು. ನಮ್ಮಮ್ಮ ಐದು ಹೆತ್ತಳು, ಯಾವ ಡೂಲಾ ಇದ್ದಳು? ಕೈ ಹಿಡ್ಕೊಳ್ಳೋಕೂ ಒಪ್ಪಂದಕ್ಕೆ ಸಹಿ ಹಾಕೋ ಕಾಲ ಬಂತು. ಇವತ್ತು ಹೆರೋಕೆ ಒಬ್ಬಳು, ನಾಳೆ ಮಗು ಅತ್ರೆ ಎತ್ಕೊಳ್ಳೋಕೆ ಇನ್ನೊಬ್ಬಳು. ಗಂಡ ಅನ್ನೋನು ಯಾಕಿದ್ದಾನೆ? ನನ್ನ ಹೆರಿಗೆಯಲ್ಲಿ ನಮ್ಮನೆಯವರು ಹದಿನೆಂಟು ಗಂಟೆ ಕೂತಲ್ಲಿಂದ ಏಳ್ಲಿಲ್ಲ.

ರಾತ್ರಿಪಾಳಿ
ಕೂತಲ್ಲಿಂದ ಏಳ್ಲಿಲ್ಲ ಅಂದ್ರೆ ನಿದ್ದೆ ಹೋಗಿದ್ರಾ ಅಕ್ಕಾ?

ತಮಾಷೆಗೆ ಅಂದೆ. ಗಂಡಸರ ಕಡೆಯಿಂದ ಒಂದು ಮಾತು. ಡೂಲಾ ಬಂದ್ರೆ ನನಗೇನು ಕೆಲಸ ಅಂತ ನಾನೂ ಮುಖ ಊದಿಸ್ಕೊಂಡಿದ್ದೆ. ಮಗುವಿನ ಬೆನ್ನು ಹೆಂಡತಿಯ ಬೆನ್ನಿನ ಕಡೆಗೇ ತಿರುಗಿತ್ತು, ನೋವೆಲ್ಲ ಸೊಂಟದ ಹಿಂದೆ. ನಾನು ಭುಜ ತಟ್ತಾ ಇದ್ದೆ, ಅವಳು "ಮುಟ್ಟಬೇಡ" ಅಂತ ಕಿರುಚಿದ್ಲು. ಡೂಲಾ ಮಾತಾಡ್ಲೇ ಇಲ್ಲ. ನನ್ನ ಕೈ ತಗೊಂಡು, ಅಂಗೈ ಬುಡವನ್ನ ಬೆನ್ನುಮೂಳೆ ಮುಗಿಯೋ ಆ ಚಪ್ಪಟೆ ಜಾಗದ ಮೇಲಿಟ್ಟು, ಹಿಂದಿನಿಂದ ನನ್ನ ಮೊಣಕೈಯನ್ನ ತಳ್ಳಿದ್ಲು. ಮೈಭಾರವೆಲ್ಲ ಬಿಟ್ಟು ಒತ್ತಬೇಕು. ನೋವು ಏರುವಾಗ ಒತ್ತೋದು, ಇಳಿದಾಗ ಬಿಡೋದು. ಹೆಂಡತಿ "ಅಲ್ಲೇ, ಅಲ್ಲೇ" ಅಂದ್ಲು. ನಾಲ್ಕು ಗಂಟೆ ಅದೇ ಕೆಲಸ, ನಡುವೆ ಡೂಲಾ ಒತ್ತಿದ್ರೆ ನಾನು ಮುಖ ತೊಳ್ಕೊಂಡು ಬರ್ತಿದ್ದೆ. ಮಾರನೇ ದಿನ ಮಗು ಎತ್ಕೊಳ್ಳೋಕೆ ನನ್ನ ಮಣಿಕಟ್ಟೇ ಏಳ್ಲಿಲ್ಲ.

ಅಂಕಿಅಂಶ
ಭಾವನೆ ಬೇಡ, ಲೆಕ್ಕ ನೋಡಿ. 2017ರ ಕಾಕ್ರೇನ್ ವಿಮರ್ಶೆಯಲ್ಲಿ (ಬೇರೆ ಬೇರೆ ವೈದ್ಯಕೀಯ ಅಧ್ಯಯನಗಳನ್ನ ಒಟ್ಟಿಗೆ ಸೇರಿಸಿ ತೂಗಿ ನೋಡೋ ವರದಿ) 17 ದೇಶಗಳ 15,000ಕ್ಕೂ ಹೆಚ್ಚು ಹೆಂಗಸರ ಮಾಹಿತಿ ಇದೆ. ಹೆರಿಗೆ ಉದ್ದಕ್ಕೂ ಒಬ್ಬರು ಬಿಡದೆ ಜೊತೆಗಿದ್ರೆ ಸಹಜ ಹೆರಿಗೆ ಸ್ವಲ್ಪ ಜಾಸ್ತಿ, ಸಿಸೇರಿಯನ್ ಕಮ್ಮಿ, ಸಮಯ ಸರಾಸರಿ ಮುಕ್ಕಾಲು ಗಂಟೆಯ ಹತ್ತಿರ ಉಳಿತಾಯ. ಜೊತೆಗಿದ್ದವರು ಕೆಲವು ಕಡೆ ಆಸ್ಪತ್ರೆ ಸಿಬ್ಬಂದಿ, ಕೆಲವು ಕಡೆ ಡೂಲಾ, ಕೆಲವು ಕಡೆ ಬಂಧುಗಳು. ಅಂದಹಾಗೆ ಡೂಲಾ ಗ್ರೀಕ್ ಮೂಲದ ಪದ, ಸೇವಕಿ ಅಂತ ಅರ್ಥ.

ನೇರ ಮಾತು
ನೋಡಿ, ಬಂಧುಗಳು ಅಂತ ನಿಮ್ಮ ಲೆಕ್ಕದಲ್ಲೇ ಇದೆ! ನಾನು ಹೇಳಿದ್ದೂ ಅದನ್ನೇ. ಸೇವಕಿ ಯಾಕೆ ಬೇಕು?

ಅಂಕಿಅಂಶ
ಪೂರ್ತಿ ಓದಿ ಮೇಡಂ.

ನೇರ ಮಾತು
ಓದೋಕೆ ನಂಗೆ ಪುರುಸೊತ್ತಿಲ್ಲ, ಇಬ್ಬರು ಮಕ್ಕಳನ್ನ ಯಾರ ಸಹಾಯವೂ ಇಲ್ಲದೆ ಸಾಕ್ತಿದ್ದೀನಿ.

ಮೌನಿ
ಹನ್ನೊಂದು ವರ್ಷದ ಹಿಂದೆ ನನ್ನ ಹೆರಿಗೆ ಆದಾಗ ಜೊತೆಗೆ ಯಾರೂ ಇರ್ಲಿಲ್ಲ. ನರ್ಸ್ ಒಳ್ಳೆಯವಳೇ, ಆದ್ರೆ ಅವಳಿಗೆ ಪಕ್ಕದ ಕೋಣೆಯೂ ನೋಡ್ಬೇಕಿತ್ತು, ಪಾಳಿ ಮುಗಿದು ಇನ್ನೊಬ್ಬಳು ಬಂದ್ಲು. ಗೋಡೆ ಗಡಿಯಾರದ ಸೆಕೆಂಡಿನ ಮುಳ್ಳು ಒಂದು ಕಡೆ ತಡವರಿಸ್ತಿತ್ತು, ಅದನ್ನೇ ನೋಡ್ತಾ ಇದ್ದೆ. ಗಂಡ ಅದೇ ಊರಲ್ಲಿದ್ದ, ಆಫೀಸ್ ಮೀಟಿಂಗ್ ಮುಗಿಸಿ ಬರ್ತೀನಿ ಅಂದಿದ್ದ. ಈಗ್ಲೂ ಆ ವಿಷಯ ಮಾತಾಡಲ್ಲ ನಾವು. ಇಷ್ಟು ಯಾಕೆ ಬರೆದ್ನೋ.

ಕನ್ನಡ ಕಲಿ
ಎಲ್ಲ ಸರಿ, ಹುಟ್ಟಿದ ದಿನದಿಂದಲೇ ಮಗು ಜೊತೆ ಕನ್ನಡದಲ್ಲೇ ಮಾತಾಡಿ. ಬೇಗ ಶುರು ಮಾಡಿದಷ್ಟೂ ಒಳ್ಳೇದು. ನಮ್ಮ ಭಾನುವಾರದ ತರಗತಿಗೆ ಸೇರಿಸಿ.

ಎರಡು ಹೆರಿಗೆಯವಳು
ಭಾಷೆ ಅಂದಾಗ ನೆನಪಾಯ್ತು. ನೋವು ನೆತ್ತಿಗೇರಿದಾಗ ನಂಗೆ ಇಂಗ್ಲಿಷ್ ಪೂರ್ತಿ ಮರ್ತೇ ಹೋಯ್ತು. "ಬಿಡು, ಬಿಡು" ಅಂತ ಅರಚ್ತಿದ್ದೀನಿ, ಡೂಲಾ ಇನ್ನೂ ಗಟ್ಟಿ ಹಿಡ್ಕೊಂಡ್ಲು! ಗಂಡ ಕಾಫಿಗೆ ಹೋಗಿದ್ದ. ನಾಲ್ಕೈದು ಪದ ಮುಂಚೆಯೇ ಹೇಳ್ಕೊಡು ಚೊಚ್ಚಲು. ಒತ್ತು, ಬಿಡು, ನೀರು, ಸಾಕು.

ನೇರ ಮಾತು
ಅಮ್ಮನಾಗಿದ್ರೆ ಕಲಿಸೋದೇ ಬೇಕಿರ್ಲಿಲ್ಲ.

ಎರಡು ಹೆರಿಗೆಯವಳು
ಅವಳ ಅಮ್ಮ ಬರೋಹಾಗಿಲ್ಲ. ಮೊದಲನೇ ಸಾಲಲ್ಲೇ ಬರೆದಿದ್ದಾಳೆ.

ಚೊಚ್ಚಲು
ಎಲ್ಲರಿಗೂ ಥ್ಯಾಂಕ್ಸ್. ಎರಡನೆಯವಳಿಗೇ ಫೋನ್ ಮಾಡಿದೆ. ಬದಲಿಯವಳನ್ನ ಮುಂದಿನ ವಾರ ಕರ್ಕೊಂಡು ಬರ್ತಾಳಂತೆ. ನೋವು ಬರಿಸಬೇಕಾಗಿ ಬಂದ್ರೆ ಮೊದಲ ದಿನ ಬರಲ್ಲ, ಸರಿಯಾಗಿ ಶುರುವಾದ್ಮೇಲೆ ಬರ್ತೀನಿ, ಹನ್ನೆರಡು ಗಂಟೆ ದಾಟಿದ್ರೆ ಬದಲಿಯವಳನ್ನ ಕೂರಿಸಿ ಎರಡು ಗಂಟೆ ಮಲಗ್ತೀನಿ ಅಂತ ಸ್ಪಷ್ಟವಾಗಿ ಹೇಳಿದ್ಲು. ಆಸ್ಪತ್ರೆಯಲ್ಲಿ ಇಬ್ಬರನ್ನ ಬಿಡ್ತಾರೆ. ರಾತ್ರಿಪಾಳಿ ಅವರು ಬರೆದದ್ದನ್ನ ಗಂಡನಿಗೆ ಓದಿ ಹೇಳ್ದೆ, ರಾತ್ರಿ ಅಂಗೈ ಬುಡ ಸೊಂಟದ ಮೇಲಿಟ್ಟು ಅಭ್ಯಾಸ ಮಾಡಿದ. ತುಂಬ ಮೇಲೆ ಒತ್ತುತ್ತಾನೆ. "ಬಿಡು" ಅನ್ನೋದು ಡೂಲಾ ಬಾಯಲ್ಲಿ "ಬೀಡು" ಆಗ್ತಿದೆ, ಪರವಾಗಿಲ್ಲ.

ಮೌನಿ ಅವರೇ, ನಿಮಗೆ ಮೆಸೇಜ್ ಮಾಡಿದ್ದೀನಿ, ನೋಡಿ.

ಹಿರಿಯಣ್ಣ
ವೀಸಾಗೆ ಮತ್ತೆ ಹಾಕಿದ್ಯಾ?